ಈ ವಾರ ಯಾರನ್ನು ಕರೆತಂದಿರಿ?



ನಿಮ್ಮ ಮೆಚ್ಚಿನ ಪುಸ್ತಕ ಯಾವುದು ಎಂದು ಕೇಳಿದರೆ ನಮ್ಮಲ್ಲಿ ಹೆಚ್ಚಿನವರ ಬಾಯಿಗೆ ಅದೇ ಐದಾರು ಹೆಸರು ಬರುತ್ತವೆ. ‘ಮಲೆಗಳಲ್ಲಿ ಮದುಮಗಳು’, ‘ಮರಳಿ ಮಣ್ಣಿಗೆ’, ‘ಸಂಸ್ಕಾರ’, ‘ಪರ್ವ’, ‘ಕರ್ವಾಲೊ’. ಉತ್ತರದಲ್ಲಿ ಸುಳ್ಳೇನೂ ಇಲ್ಲ. ಆದರೆ ಅದರಾಚೆ ಮಾತು ಬೆಳೆಯುವುದಿಲ್ಲ. ಎದುರಿಗಿದ್ದವರು ‘ಹೌದೌದು, ದೊಡ್ಡ ಕೃತಿ’ ಎನ್ನುತ್ತಾರೆ, ಅಲ್ಲಿಗೆ ಮುಗಿಯಿತು. ಅವರನ್ನೇ ಬೇರೊಂದು ಪ್ರಶ್ನೆ ಕೇಳಿ: ನೀವು ಓದಿದ ಕಾದಂಬರಿಗಳಲ್ಲಿ, ದಾರಿ ನಡೆಯುವ ಒಬ್ಬನಿಗೆ ನಡುವೆ ಬಂದು ಜೊತೆಯಾದವರು ಯಾರಿದ್ದಾರೆ? ತುಸು ಹೊತ್ತು ಸುಮ್ಮನಿರುತ್ತಾರೆ. ಆಮೇಲೆ ಎಂದೋ ಓದಿ ಮರೆತಿದ್ದ ಒಬ್ಬ ಆಳು, ಒಂದು ನಾಯಿ, ಜಾತ್ರೆಗೆ ಹೊರಟ ಒಬ್ಬ ಮಾತುಗಾರ, ಹೀಗೆ ಒಬ್ಬೊಬ್ಬರಾಗಿ ಎದ್ದು ಬರುತ್ತಾರೆ.

ನಾನು ಹೋಗುವ ಓದುಗರ ಕೂಟದಲ್ಲಿ ನಡೆಯುವುದು ಇಷ್ಟೇ. ವಾರಕ್ಕೊಂದು ವಿಷಯ ಗೊತ್ತುಮಾಡಿಕೊಳ್ಳುತ್ತೇವೆ. ಆ ವಿಷಯಕ್ಕೆ ಹೊಂದುವ ಒಂದು ಪುಸ್ತಕವನ್ನೋ ಒಂದು ಪಾತ್ರವನ್ನೋ ಪ್ರತಿಯೊಬ್ಬರೂ ಮನಸ್ಸಿನಲ್ಲಿ ಇಟ್ಟುಕೊಂಡು ಬರುತ್ತಾರೆ. ಭಾನುವಾರ ಕೂತಾಗ ಮೊದಲು ಕೇಳುವ ಮಾತು, ‘ಈ ವಾರ ಯಾರನ್ನು ಕರೆತಂದಿರಿ?’ ಆ ಪಾತ್ರ ಏನು ಮಾಡಿತು, ಏನು ಹೇಳಿತು, ಯಾವ ಗಳಿಗೆಯಲ್ಲಿ ನಿಮಗೆ ಹತ್ತಿರವಾಯಿತು ಎಂಬುದನ್ನು ಹೇಳಬೇಕು. ವಿಮರ್ಶೆಯ ಭಾಷೆ ಬೇಡ ಎಂಬ ಒಂದು ಒಪ್ಪಂದ ಇದೆ. ಇಂದು ನಾನು ಈ ಚಿಕ್ಕ ಪದ್ಧತಿಯ ಪರವಾಗಿ ಮಾತಾಡಲು ಬಂದಿದ್ದೇನೆ.

ಕನ್ನಡಿಗರ ಓದು ಎಂದೂ ಪೂರ್ತಿ ಒಂಟಿ ಓದಾಗಿರಲಿಲ್ಲ. ಗದುಗಿನ ಭಾರತವನ್ನು ಒಬ್ಬರು ರಾಗವಾಗಿ ವಾಚಿಸುವುದು, ಇನ್ನೊಬ್ಬರು ವ್ಯಾಖ್ಯಾನ ಮಾಡುವುದು, ಊರಿನವರು ಕೂತು ಕೇಳುವುದು, ಇದು ನಮ್ಮ ಅಜ್ಜ ಅಜ್ಜಿಯರಿಗೆ ಗೊತ್ತಿದ್ದ ಓದು. ಅಕ್ಷರ ಬಾರದವರಿಗೂ ಕರ್ಣನ ವಿಷಯದಲ್ಲಿ, ಉತ್ತರಕುಮಾರನ ವಿಷಯದಲ್ಲಿ ಗಟ್ಟಿಯಾದ ಅಭಿಪ್ರಾಯ ಇರುತ್ತಿತ್ತು. ಆಮೇಲೆ ವಾರಪತ್ರಿಕೆಗಳು ಬಂದವು. ‘ಸುಧಾ’ 1965ರಲ್ಲಿ ಶುರುವಾಯಿತು; ಅದಕ್ಕೂ ಮೊದಲೇ ‘ಕರ್ಮವೀರ’, ‘ಪ್ರಜಾಮತ’ ಇದ್ದವು. ಧಾರಾವಾಹಿಯ ಒಂದು ಕಂತಿಗೂ ಮುಂದಿನ ಕಂತಿಗೂ ನಡುವೆ ಇಡೀ ವಾರ. ಆ ವಾರವೆಲ್ಲ ಅತ್ತೆ ಸೊಸೆ, ಅಕ್ಕಪಕ್ಕದ ಮನೆಯವರು, ಆಫೀಸಿನವರು ನಾಯಕಿಯ ಗತಿ ಏನಾಗಬಹುದು ಎಂದು ಮಾತಾಡಿಕೊಳ್ಳುತ್ತಿದ್ದರು. ಆ ಮಾತುಕತೆಯನ್ನು ನಾವು ಸಾಹಿತ್ಯ ಚರ್ಚೆ ಎಂದು ಲೆಕ್ಕಕ್ಕೆ ತೆಗೆದುಕೊಳ್ಳಲೇ ಇಲ್ಲ. ತೆಗೆದುಕೊಳ್ಳಬೇಕಾಗಿತ್ತು ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ಈಗ ಆಗಲೇ ಹೇಳಿದ ವಿಷಯಕ್ಕೇ ಬರೋಣ, ದಾರಿಯಲ್ಲಿ ಜೊತೆಯಾದವರು. ಆ ವಾರ ನಮ್ಮಲ್ಲಿ ಮೊದಲು ಬಂದವನು ‘ಸಂಸ್ಕಾರ’ದ ಪುಟ್ಟ. ಕರೆತಂದವರು ನಿವೃತ್ತ ಶಿಕ್ಷಕಿ. 1965ರಲ್ಲಿ ಬಂದ ಈ ಕಾದಂಬರಿಯ ಬಗ್ಗೆ ಎಷ್ಟು ಸಭೆಗಳಾಗಿವೆಯೋ! ಎಲ್ಲ ಕಡೆ ಪ್ರಾಣೇಶಾಚಾರ್ಯರು, ನಾರಣಪ್ಪ, ಚಂದ್ರಿ. ಪುಟ್ಟನನ್ನು ಯಾರು ನೆನೆಯುತ್ತಾರೆ? ಅಗ್ರಹಾರ ಬಿಟ್ಟು ಹೊರಟ ಆಚಾರ್ಯರಿಗೆ ಒಬ್ಬರೇ ಇರಬೇಕೆಂಬ ಆಸೆ. ಇವನು ಬಿಡುವುದಿಲ್ಲ. ಬೆನ್ನಿಗೆ ಬೀಳುತ್ತಾನೆ, ಒಗಟು ಕೇಳುತ್ತಾನೆ, ಮೇಳಿಗೆಯ ಜಾತ್ರೆಗೆ ಎಳೆದುಕೊಂಡು ಹೋಗುತ್ತಾನೆ, ಕೋಳಿಅಂಕ ತೋರಿಸುತ್ತಾನೆ. ಶಾಸ್ತ್ರದ ಗ್ರಂಥಗಳಲ್ಲಿ ಉತ್ತರ ಸಿಗದೆ ಕಂಗೆಟ್ಟ ಪಂಡಿತನಿಗೆ ಹೊರಗಿನ ಲೋಕದ ಬಿಸಿಲು, ಬಣ್ಣ, ಗದ್ದಲ ದೊರೆಯುವುದು ಈ ಮಾತುಗಾರನ ಮೂಲಕ. ಆ ಶಿಕ್ಷಕಿ ಹೇಳಿದ್ದು ನನ್ನ ಮನಸ್ಸಿನಲ್ಲಿ ನಿಂತಿದೆ: ಆಚಾರ್ಯರ ಮನಸ್ಸಿನೊಳಗೆ ಏನು ನಡೆಯುತ್ತಿದೆ ಎಂಬುದು ಪುಟ್ಟನಿಗೆ ಗೊತ್ತೇ ಇಲ್ಲ, ಹಾಗಾಗಿಯೇ ಅವನು ಅವರನ್ನು ಒಬ್ಬ ಮಾಮೂಲಿ ಮನುಷ್ಯನ ಹಾಗೆ ನಡೆಸಿಕೊಳ್ಳುತ್ತಾನೆ; ಅಲ್ಲಿಯ ತನಕ ಆಚಾರ್ಯರನ್ನು ಹಾಗೆ ಯಾರೂ ನಡೆಸಿಕೊಂಡಿರಲಿಲ್ಲ. ನಾನು ಕಾದಂಬರಿಯ ಆ ಭಾಗವನ್ನು ಮತ್ತೆ ಓದಿದೆ. ಅವರ ಮಾತು ನಿಜ.

ಎರಡನೆಯವರು ‘ಬೆಟ್ಟದ ಜೀವ’ದ ದೇರಣ್ಣ ಮತ್ತು ಬಟ್ಯರನ್ನು ಕರೆತಂದರು. ಕಾಡಿನಲ್ಲಿ ಕತ್ತಲಾಗುತ್ತಿರುವಾಗ ದಾರಿ ತಪ್ಪಿದ ನಿರೂಪಕನನ್ನು ಗೋಪಾಲಯ್ಯನವರ ಮನೆ ಮುಟ್ಟಿಸುವವರು ಇವರೇ. ಗೋಪಾಲಯ್ಯ, ಶಂಕರಮ್ಮ ಎಂಬ ಆ ಅಪೂರ್ವ ದಂಪತಿಯ ಪರಿಚಯ ನಮಗಾಗಬೇಕಾದರೆ ಮೊದಲು ಈ ಇಬ್ಬರು ದಾರಿಹೋಕರು ಅಪರಿಚಿತನೊಬ್ಬನ ಮೇಲೆ ಕನಿಕರಪಡಬೇಕಾಯಿತು. ಕಾರಂತರು ಅವರ ಗುಣವನ್ನು ವರ್ಣಿಸುವ ಗೋಜಿಗೆ ಹೋಗುವುದಿಲ್ಲ. ಆ ಭಾಗದಲ್ಲಿ ಜನ ಹೀಗೆಯೇ ಇರುತ್ತಾರೆ ಎಂಬ ಹಾಗೆ ಬರೆಯುತ್ತಾರೆ.

ಮೂರನೆಯದು ಹುಲಿಯ. ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯ ಗುತ್ತಿಗೆ ನಾಯಿಗುತ್ತಿ ಎಂಬ ಹೆಸರು ಬಂದದ್ದೇ ಈ ನಾಯಿಯಿಂದ. 1967ರಲ್ಲಿ ಪ್ರಕಟವಾದ ಆ ಮಹಾಕಾದಂಬರಿ ಇವರಿಬ್ಬರ ನಡಿಗೆಯಿಂದಲೇ ಶುರುವಾಗುತ್ತದೆ. ಸಿಂಬಾವಿಯ ಆಳೊಬ್ಬ ತಾನು ಮೆಚ್ಚಿದ ತಿಮ್ಮಿಗಾಗಿ ಬೆಟ್ಟಳ್ಳಿಯ ದಾರಿ ಹಿಡಿದಿದ್ದಾನೆ, ಪಕ್ಕದಲ್ಲಿ ಹುಲಿಯ. ಆ ಮಳೆ, ಆ ಕಾಡು, ಆ ಗುಡ್ಡಗಳ ನಡುವೆ ಗುತ್ತಿ ಎಲ್ಲಿ ಹೋದರೂ ಹುಲಿಯ ಇದೆ. ಕೊನೆಗೆ ತುಂಬಿ ಹರಿಯುವ ತುಂಗೆಯಲ್ಲಿ ಅದು ಕೊಚ್ಚಿಹೋಗುತ್ತದೆ. ಇದನ್ನು ಹೇಳಿದವನು ಕಾಲೇಜಿನಲ್ಲಿ ಓದುವ ಹುಡುಗ. ಹೇಳುತ್ತಾ ಅವನ ಗಂಟಲು ಕಟ್ಟಿತು. ಕುವೆಂಪು ಈ ಕಾದಂಬರಿಯಲ್ಲಿ ಯಾವ ಜೀವವೂ ಇನ್ನೊಂದಕ್ಕಿಂತ ಕಡಿಮೆಯಲ್ಲ ಎಂಬ ನಿಲುವಿಗೆ ಬದ್ಧರಾಗಿದ್ದಾರೆ ಎಂದು ತರಗತಿಯಲ್ಲಿ ನಾವೆಲ್ಲ ಕೇಳಿದ್ದೇವೆ, ಪರೀಕ್ಷೆಯಲ್ಲಿ ಬರೆದಿದ್ದೇವೆ. ಒಂದು ನಾಯಿಯ ಸಾವಿಗೆ ಹತ್ತೊಂಬತ್ತು ವರ್ಷದ ಹುಡುಗನೊಬ್ಬ ಮಾತು ನಿಲ್ಲಿಸಿದಾಗ ಆ ನಿಲುವು ಕಾದಂಬರಿಯೊಳಗೆ ಹೇಗೆ ಕೆಲಸ ಮಾಡಿದೆ ಎಂಬುದು ನಮಗೆ ಕಂಡಿತು.

ಅದೇ ಸಂಜೆ ‘ಗೃಹಭಂಗ’ದ ಮಾದೇವಯ್ಯನವರೂ ಬಂದರು. ತಾಯಿಯನ್ನು ಕಳೆದುಕೊಂಡ ಹುಡುಗ ವಿಶ್ವನ ಕೈ ಹಿಡಿದು ಊರು ಬಿಟ್ಟು ನಡೆಯುವ ಅಯ್ಯನವರು. ಭೈರಪ್ಪನವರ ಆ ಕಾದಂಬರಿಯ ದುಃಖವನ್ನೆಲ್ಲ ಓದಿ ಮುಗಿಸುವಾಗ ನಮ್ಮ ಕೈಗೆ ಉಳಿಯುವುದು ಆ ಇಬ್ಬರ ನಡಿಗೆ ಮಾತ್ರ.

ಗಮನಿಸಿ, ಈ ನಾಲ್ಕೂ ಒಂದೇ ಪಂಥದ ಪುಸ್ತಕಗಳಲ್ಲ. ನವೋದಯ, ನವ್ಯ ಎಂದು ಪಾಠದಲ್ಲಿ ಬೇರೆ ಬೇರೆ ಕೋಣೆಗೆ ಹಾಕಿದ್ದೇವೆ. ಇವುಗಳನ್ನು ಬರೆದವರಲ್ಲಿ ಕೆಲವರು ವಿಚಾರದಲ್ಲಿ ಪರಸ್ಪರ ಎದುರಾಗಿ ನಿಂತವರು. ಒಂದು ಸರಳವಾದ ವಿಷಯದ ಕೆಳಗೆ ಅವರ ಪಾತ್ರಗಳು ಜೊತೆಯಾಗಿ ಕೂತವು. ‘ಸಂಸ್ಕಾರ’ ಬರೆದ ಅನಂತಮೂರ್ತಿಯವರ ಓದುಗರಿಗೂ ಭೈರಪ್ಪನವರ ಓದುಗರಿಗೂ ಹೊರಗೆ ಎಷ್ಟು ಜಗಳವಿದ್ದರೂ ಆ ಸಂಜೆ ಪುಟ್ಟ ಮತ್ತು ಮಾದೇವಯ್ಯ ಇಬ್ಬರೂ ಎಲ್ಲರಿಗೂ ಬೇಕಾದವರಾದರು.

ಇನ್ನೊಂದು ವಾರ ಊಟ. ಅದನ್ನು ಚುಟುಕಾಗಿ ಹೇಳುತ್ತೇನೆ. ಅಲ್ಲಿಗೆ ಬಂದದ್ದು ದೇವನೂರ ಮಹಾದೇವರ ‘ಒಡಲಾಳ’ದ ಕಡ್ಲೆಕಾಯಿ. ಸಾಹುಕಾರ ಎತ್ತಪ್ಪನಲ್ಲಿಂದ ಕದ್ದು ತಂದ ಕಡ್ಲೆಕಾಯಿಯನ್ನು ಸಾಕವ್ವನ ಮನೆಯವರೆಲ್ಲ ಒಲೆಯ ಸುತ್ತ ಕೂತು ರಾತ್ರಿಯಿಡೀ ತಿನ್ನುತ್ತಾರೆ. ಅದು ಹಬ್ಬ, ಅದೇ ಭಯ, ಅದೇ ಹಸಿವು. ಪಕ್ಕದಲ್ಲೇ ‘ಗೃಹಭಂಗ’ದ ಚೆನ್ನಿಗರಾಯನನ್ನು ಇಟ್ಟರು. ಹೆಂಡತಿ ಮಕ್ಕಳಿಗೆ ಇದೆಯೋ ಇಲ್ಲವೋ ನೋಡದೆ ತಾನು ಮುಕ್ಕುವವನು. ಅವನ ಹೆಂಡತಿ ನಂಜಮ್ಮ ಮುತ್ತುಗದ ಎಲೆ ಹಚ್ಚಿ, ಗಂಡನ ಶಾನುಭೋಗಿಕೆಯ ಲೆಕ್ಕ ಬರೆದು ಸಂಸಾರ ತೂಗಿಸುತ್ತಾಳೆ. ಈ ಎರಡರ ಎದುರು ‘ಬೆಟ್ಟದ ಜೀವ’ದ ಶಂಕರಮ್ಮ ಹೊತ್ತಲ್ಲದ ಹೊತ್ತಿನಲ್ಲಿ ಬಂದ ಅಪರಿಚಿತನಿಗೆ ಬಡಿಸುವ ಊಟ. ಮೂರು ಊಟಗಳನ್ನು ಹತ್ತಿರ ಇಟ್ಟು ನೋಡಿದಾಗ ಕನ್ನಡ ನಾಡಿನ ಜಾತಿ, ಬಡತನ, ದಾಂಪತ್ಯ, ಔದಾರ್ಯ ಎಲ್ಲವೂ ಮಾತಿಗೆ ಬಂದವು. ಯಾರೂ ಆ ಶಬ್ದಗಳನ್ನು ಮೊದಲು ಎತ್ತಿರಲಿಲ್ಲ.

ಇಲ್ಲಿ ನಾನು ಒತ್ತಿ ಹೇಳಬೇಕಾದ ಒಂದು ಮಾತಿದೆ. ವಿಷಯ ಆರಿಸುವಾಗ ಸಮಸ್ಯೆಯ ಹೆಸರು ಇಡಬೇಡಿ. ‘ಸ್ತ್ರೀ ಶೋಷಣೆ’, ‘ದಲಿತ ಸಂವೇದನೆ’, ‘ಪರಿಸರ ಪ್ರಜ್ಞೆ’ ಎಂದು ಬರೆದು ಹಚ್ಚಿದ ವಾರಗಳಲ್ಲಿ ಕೂಟ ಸಪ್ಪೆಯಾಗುತ್ತದೆ. ಬಂದವರು ಪಾತ್ರವನ್ನು ಬಿಟ್ಟು ಅಭಿಪ್ರಾಯ ತರುತ್ತಾರೆ. ‘ಚೋಮನ ದುಡಿ’ಯ ಚೋಮನನ್ನು ಭೂಹೀನತೆಯ ಉದಾಹರಣೆ ಮಾಡಿಬಿಟ್ಟರೆ ಅವನ ದುಡಿಯ ಸದ್ದು ಕಿವಿಗೆ ಬೀಳುವುದೇ ಇಲ್ಲ, ಮಗಳು ಬೆಳ್ಳಿ ಎದುರು ನಿಂತಾಗ ಅವನ ಎದೆಯಲ್ಲಿ ಏಳುವ ಕೋಪ, ಅಕ್ಕರೆ ಎರಡೂ ಕಾಣುವುದಿಲ್ಲ. ಅದೇ ಚೋಮ ‘ವಾದ್ಯ ನುಡಿಸುವವರು’ ಎಂಬ ವಾರದಲ್ಲಿ ಬರಲಿ. ಬೇಸಾಯ ಮಾಡುವ ಹಕ್ಕಿಲ್ಲದ ಮನುಷ್ಯ ಬಾಗಿಲು ಮುಚ್ಚಿಕೊಂಡು ಕೊನೆಯ ಉಸಿರಿನ ತನಕ ದುಡಿ ಬಾರಿಸಿದ ಎಂಬ ಸಂಗತಿ ಆಗ ಕೇಳುವವರನ್ನು ಅಲ್ಲಾಡಿಸುತ್ತದೆ. 1933ರ ಪುಸ್ತಕ ಅದು. ನೆಲದ ಪ್ರಶ್ನೆ ಅಲ್ಲಿ ಇದ್ದೇ ಇದೆ, ದುಡಿಯ ಮೂಲಕವೇ ನಮಗೆ ಮುಟ್ಟುತ್ತದೆ. ಹಾಗಾಗಿ ವಿಷಯ ಒಂದು ವಸ್ತುವಾಗಲಿ, ಒಂದು ಕೆಲಸವಾಗಲಿ, ಒಂದು ಸಂಬಂಧವಾಗಲಿ: ಹುಡುಕಾಟ, ಸೂಲಗಿತ್ತಿ, ಹೊಳೆ ದಾಟಿದ್ದು, ಅಜ್ಜಿಯರು.

ಅಜ್ಜಿಯರ ವಾರದಲ್ಲಿ ಮೂಕಜ್ಜಿ ಬರುತ್ತಾಳೆ ಎಂದು ಎಲ್ಲರಿಗೂ ಗೊತ್ತಿತ್ತು, ಬಂದಳು. ಆದರೆ ಎಂ.ಕೆ. ಇಂದಿರಾ ಅವರ ಫಣಿಯಮ್ಮನನ್ನು ಕರೆತಂದವರು, ಹಿಂದಿನ ವಾರಗಳಲ್ಲಿ ‘ನಾನು ದೊಡ್ಡ ಪುಸ್ತಕ ಓದಿದವಳಲ್ಲ’ ಎಂದು ಹಿಂದೆ ಕೂರುತ್ತಿದ್ದ ಒಬ್ಬ ಗೃಹಿಣಿ. ಬಾಲ್ಯದಲ್ಲೇ ವಿಧವೆಯಾಗಿ, ಮಡಿಯ ಕಟ್ಟುಪಾಡಿನೊಳಗೇ ಆಯುಷ್ಯ ಸವೆಸಿದ ಹೆಂಗಸು, ಹೆರಿಗೆಯಲ್ಲಿ ಒದ್ದಾಡುತ್ತಿರುವ ದಲಿತ ಹೆಣ್ಣುಮಗಳೊಬ್ಬಳ ಗುಡಿಸಲಿಗೆ ಹೋಗಿ ಮಗುವನ್ನು ಹೊರತೆಗೆಯುತ್ತಾಳೆ. ಇದನ್ನು ಆ ಅಕ್ಕ ಹೇಳಿದ ಕ್ರಮದಲ್ಲಿ ಸ್ವಂತ ಮನೆಯ ಹಿರಿಯರನ್ನು ನೆನೆಯುವ ಧ್ವನಿಯಿತ್ತು. ಇಂದಿರಾ ತಮ್ಮ ಮನೆತನದ ಹಿರಿಯಳೊಬ್ಬಳ ಬದುಕನ್ನೇ ಕಾದಂಬರಿಯಾಗಿಸಿದ್ದು ಎಂಬುದನ್ನು ಆ ಅಕ್ಕನೇ ನಮಗೆ ತಿಳಿಸಿದರು. ಅಂದಿನಿಂದ ಅವರು ಮುಂದಿನ ಸಾಲಿನಲ್ಲಿ ಕೂರುತ್ತಾರೆ.

ಜನಪ್ರಿಯ ಕಾದಂಬರಿ, ಗಂಭೀರ ಕಾದಂಬರಿ ಎಂಬ ಗೆರೆ ಇಂಥ ಕೂಟದಲ್ಲಿ ಅಳಿಸಿಹೋಗುತ್ತದೆ, ಅದು ನನಗೆ ಬಹಳ ಸಂತೋಷದ ಸಂಗತಿ. ತ್ರಿವೇಣಿಯವರನ್ನೇ ನೋಡಿ. 1963ರಲ್ಲಿ ಅವರು ತೀರಿಕೊಂಡಾಗ ಇನ್ನೂ ನಲವತ್ತು ತುಂಬಿರಲಿಲ್ಲ. ‘ಶರಪಂಜರ’ದ ಕಾವೇರಿ ನಮ್ಮಲ್ಲಿ ಮತ್ತೆ ಮತ್ತೆ ಬರುತ್ತಾಳೆ, ಬರುವಾಗಲೆಲ್ಲ ಕಲ್ಪನಾ ಅವರ ಮುಖ ಹೊತ್ತು ಬರುತ್ತಾಳೆ. ಪುಟ್ಟಣ್ಣ ಕಣಗಾಲರ ಸಿನಿಮಾ ಅಷ್ಟು ಗಾಢವಾಗಿ ಊರಿದೆ. ಪುಸ್ತಕಕ್ಕೆ ಮರಳಿದರೆ ಅಲ್ಲಿ ಸಿಗುವ ಕಾವೇರಿ ಇನ್ನೂ ಮೆಲುದನಿಯವಳು. ಕಾಯಿಲೆ ವಾಸಿಯಾಗಿ ಮನೆಗೆ ಬಂದವಳನ್ನು ಗಂಡ, ನೆರೆಹೊರೆ ಯಾರೂ ವಾಸಿಯಾದವಳೆಂದು ನಂಬುವುದಿಲ್ಲ. ಅವಳ ಪ್ರತಿ ನಗುವನ್ನೂ ಅನುಮಾನದಿಂದ ನೋಡುತ್ತಾರೆ. ಮನಸ್ಸಿನ ಕಾಯಿಲೆಯ ಬಗ್ಗೆ ಇವತ್ತಿಗೂ ನಮ್ಮ ಮನೆಗಳಲ್ಲಿ ಇದೇ ನಡೆಯುತ್ತಿದೆ. ಅರವತ್ತು ವರ್ಷಗಳಷ್ಟು ಹಿಂದೆ ಆ ಹೆಣ್ಣುಮಗಳು ಅದನ್ನು ಅಷ್ಟು ಸ್ಪಷ್ಟವಾಗಿ ಕಂಡಿದ್ದರು ಎಂಬುದಕ್ಕೆ ನಾವು ಅವರಿಗೆ ಸಲ್ಲಿಸಬೇಕಾದ ಗೌರವ ಇನ್ನೂ ಬಾಕಿ ಇದೆ.

ಲೇಖಕರನ್ನೇ ವಿಷಯವಾಗಿ ಇಟ್ಟುಕೊಂಡರೆ ಒಂದು ಎಚ್ಚರ ಬೇಕು. ಕಾರಂತರ ವಾರ ಎಂದರೆ ಎಲ್ಲರೂ ಎರಡು ಮೂರು ಕಾದಂಬರಿಗೇ ಮುಗಿಬೀಳುತ್ತಾರೆ. ಅದಕ್ಕೆ ನಾವು ಅವರ ಕಾದಂಬರಿ ಬಿಟ್ಟು ಉಳಿದದ್ದನ್ನು ತನ್ನಿ ಎಂದೆವು. ಒಬ್ಬರು ಮಕ್ಕಳಿಗಾಗಿ ಅವರು ಬರೆದ ‘ಬಾಲಪ್ರಪಂಚ’ದ ಸಂಪುಟ ತಂದರು, ಇನ್ನೊಬ್ಬರು ಯಕ್ಷಗಾನದ ಪುಸ್ತಕ. ಒಬ್ಬನೇ ಮನುಷ್ಯ ಎಷ್ಟು ಕಡೆ ದುಡಿದಿದ್ದಾರೆ ಎಂದು ಕಣ್ಣಾರೆ ಕಂಡು ಎಲ್ಲರೂ ಬೆರಗಾದರು.

ನಿಮ್ಮ ಬಡಾವಣೆಯಲ್ಲಿ ಇಂಥದ್ದು ಶುರುಮಾಡುವುದಿದ್ದರೆ ಹೆಚ್ಚಿನ ಏರ್ಪಾಡು ಬೇಡ. ಒಂದು ಜಗಲಿ ಸಾಕು, ಎಂಟು ಹತ್ತು ಜನ ಸಾಕು. ಪುಸ್ತಕ ಪೂರ್ತಿ ಓದಿರಬೇಕೆಂದು ಕಟ್ಟು ಹಾಕಬೇಡಿ. ಒಂದು ಪಾತ್ರವನ್ನು ಬಲ್ಲವರು ಸಾಕು. ಮಕ್ಕಳು ಬಂದರೆ ಅವರಿಗೆ ಮೊದಲು ಮಾತು ಕೊಡಿ, ದೊಡ್ಡವರ ಮಾತು ಕೇಳಿದ ಮೇಲೆ ಅವು ಬಾಯಿ ಬಿಡುವುದಿಲ್ಲ. ಹೇಳಿದ ಪಾತ್ರದ ಹೆಸರು, ಪುಸ್ತಕದ ಹೆಸರು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಮುಂದಿನ ವಾರ ಗ್ರಂಥಾಲಯಕ್ಕೆ ಹೋಗುವವರಿಗೆ ಅದೇ ದಾರಿ.

ಬರುವ ಭಾನುವಾರಕ್ಕೆ ನಾವು ಆರಿಸಿಕೊಂಡಿರುವುದು ‘ಕತೆಯಲ್ಲಿ ಮುಖ ತೋರಿಸದ ಪಾತ್ರಗಳು’. ನಾನು ‘ಬೆಟ್ಟದ ಜೀವ’ದ ಶಂಭುವನ್ನು ಕರೆದೊಯ್ಯುತ್ತೇನೆ. ಮನೆ ಬಿಟ್ಟು ಹೋದ ಮಗ. ಗೋಪಾಲಯ್ಯ ಕಾಡು ಕಡಿದು ತೋಟ ಮಾಡಿದ ಕತೆಯನ್ನೆಲ್ಲ ಹುರುಪಿನಿಂದ ಹೇಳುತ್ತಾರೆ, ನಗುತ್ತಾರೆ, ನಗಿಸುತ್ತಾರೆ. ಆದರೆ ಆ ಮುದುಕ ಮುದುಕಿಯ ಪ್ರತಿ ಉಪಚಾರದ ಹಿಂದೆಯೂ ಅವನಿದ್ದಾನೆ. ಬಂದ ಅತಿಥಿಗೆ ಅಷ್ಟು ಒತ್ತಾಯಿಸಿ ಬಡಿಸುವುದು, ಇನ್ನೊಂದು ದಿನ ಇರಿ ಎನ್ನುವುದು, ಒಕ್ಕಲಿದ್ದ ನಾರಾಯಣನ ಸಂಸಾರವನ್ನು ಮಕ್ಕಳಂತೆ ಹಚ್ಚಿಕೊಳ್ಳುವುದು, ಎಲ್ಲವೂ ಆ ಖಾಲಿ ಜಾಗದಿಂದ ಹೊರಟು ಬರುತ್ತದೆ ಎಂದು ನನಗೆ ಅನ್ನಿಸುತ್ತದೆ. ಒಂದು ಸಾಲಿನಲ್ಲೂ ನಮ್ಮೆದುರು ಬಂದು ನಿಲ್ಲದ ಒಬ್ಬನನ್ನು ಕಾರಂತರು ಇಡೀ ಕಾದಂಬರಿಯಲ್ಲಿ ಹೇಗೆ ತುಂಬಿದರು ಎಂಬುದನ್ನು ನಾನು ಇನ್ನೂ ಹುಡುಕುತ್ತಿದ್ದೇನೆ. ಇಂಥ ಪಾತ್ರಗಳು ನಿಮಗೂ ಗೊತ್ತಿರುತ್ತವೆ. ಈಗ ಅರ್ಧ ಗಂಟೆ ಸಮಯವಿದೆ ಎಂದು ಅಧ್ಯಕ್ಷರು ಸನ್ನೆ ಮಾಡುತ್ತಿದ್ದಾರೆ. ಪ್ರಶ್ನೆಗಳಿಗಿಂತ ಮೊದಲು ನೀವು ಯಾರನ್ನು ಕರೆತಂದಿದ್ದೀರಿ ಎಂದು ಕೇಳಬೇಕೆಂಬ ಆಸೆ ನನಗೆ. ಹಿಂದಿನ ಸಾಲಿನಿಂದ ಶುರುಮಾಡೋಣ.