ನೆಲದ ಮೇಲೆ ದೋಣಿ

ದೋಣಿ ಎಂದೊಡನೆ ನಮ್ಮ ಕಣ್ಣಮುಂದೆ ನಿಲ್ಲುವುದು ನೀರು. ನಮ್ಮ ದಾಸರು ಅಂಬಿಗನನ್ನು ಕರೆದರು; ನಮ್ಮ ಕವಿಗಳು ಬಾಳನ್ನೇ ದೋಣಿಯೆಂದರು. ಮೂವತ್ತು ವರ್ಷಗಳಿಗೂ ಮಿಗಿಲಾಗಿ ಅಂಥ ಪದ್ಯಗಳನ್ನು ಪಾಠ ಹೇಳಿದವನು ನಾನು. ಆದರೆ ದೋಣಿಯು ನೀರಿಗಿಳಿಯುವ ಮುನ್ನ ನೆಲದ ಮೇಲೆ, ಬರಿಯ ಗೆರೆಗಳಲ್ಲಿ ಒಮ್ಮೆ ಹುಟ್ಟಬೇಕಾಗುತ್ತದೆ ಎಂಬುದು ನನಗೆ ತಿಳಿದದ್ದು ನಿವೃತ್ತನಾದ ಮೇಲೆಯೇ. ಆ ಸಂಗತಿಯನ್ನು ಇಂದು ನಿಮ್ಮ ಮುಂದಿಡುತ್ತೇನೆ.

ಉಡುಪಿಯ ಸಮೀಪ, ಸುವರ್ಣಾ ನದಿಯ ದಂಡೆಯಲ್ಲಿ, ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಚಿಕ್ಕ ದೋಣಿಗಳನ್ನು ಕಟ್ಟುತ್ತಾನೆ. ಅವನ ತಂದೆ ನಕ್ಷೆಯ ಹಂಗಿಲ್ಲದೆ ಕಣ್ಣಳತೆಯಿಂದಲೇ ದೋಣಿ ಕಟ್ಟಿದವರು. ಮಗನಾದರೋ ಕಾಗದದ ನಕ್ಷೆಯನ್ನು ಇಟ್ಟುಕೊಂಡು ಕಟ್ಟುತ್ತಾನೆ. ನಾನು ಹೋದ ದಿನ ಅವನ ಹಂಚಿನ ಶೆಡ್ಡಿನಲ್ಲಿ ಮರದ ಕೆಲಸವೇ ನಡೆದಿರಲಿಲ್ಲ. ನೆಲದ ತುಂಬ ಬಿಳಿ ಬಣ್ಣ ಬಳಿದ ಪ್ಲೈವುಡ್ ಹಾಸಿತ್ತು. ತಂದೆ ಮಗ ಇಬ್ಬರೂ ಮಂಡಿಯೂರಿ ಅದರ ಮೇಲೆ ಗೆರೆ ಎಳೆಯುತ್ತಿದ್ದರು.

“ಏನಪ್ಪ, ನಕ್ಷೆ ಕೈಯಲ್ಲೇ ಇದೆಯಲ್ಲ, ಮತ್ತೆ ಬರೆಯುವುದೇಕೆ?” ಎಂದೆ.

“ಅದು ಸಣ್ಣದು, ಸರ್. ಸಣ್ಣದರಲ್ಲಿ ತಪ್ಪು ಅಡಗಿ ಕೂತಿರುತ್ತದೆ” ಎಂದ.

ಅವನ ನಕ್ಷೆಯಲ್ಲಿ ಒಂದು ಅಡಿಗೆ ಒಂದು ಅಂಗುಲದ ಲೆಕ್ಕ, ಎಂದರೆ ಹನ್ನೆರಡರಲ್ಲಿ ಒಂದು ಪಾಲು. ಅರ್ಧ ಮಿಲಿಮೀಟರ್ ದಪ್ಪದ ಪೆನ್ಸಿಲ್ ಗೆರೆ ಅಲ್ಲಿ ಯಾರ ಕಣ್ಣಿಗೂ ದೋಷವಲ್ಲ. ದೋಣಿಯಲ್ಲಿ ಅದೇ ಆರು ಮಿಲಿಮೀಟರ್ ಆಗುತ್ತದೆ. ಅಷ್ಟು ಉಬ್ಬಿದ ಪಕ್ಕೆಲುಬಿನ ಮೇಲೆ ಹಲಗೆ ಸರಿಯಾಗಿ ಕೂಡುವುದಿಲ್ಲ. ಆದುದರಿಂದ ಮರಕ್ಕೆ ಗರಗಸ ತಾಗುವ ಮುನ್ನ ದೋಣಿಯನ್ನು ಅದರ ನಿಜಪ್ರಮಾಣದಲ್ಲಿ ನೆಲದ ಮೇಲೆ ಬರೆಯಬೇಕು.

ಬರೆಯುವುದು ಮೂರು ನೋಟಗಳನ್ನು: ಪಕ್ಕದಿಂದ ಕಂಡದ್ದು, ಮೇಲಿನಿಂದ ಕಂಡದ್ದು, ಅಡ್ಡ ಕೊಯ್ದು ಎದುರಿನಿಂದ ಕಂಡದ್ದು. ದೋಣಿಯ ಮೈಮೇಲಿನ ಯಾವ ಬಿಂದುವಿಗಾದರೂ ಮೂರು ಅಳತೆಗಳುಂಟು: ಉದ್ದ, ಅಗಲ, ಎತ್ತರ. ಒಂದೊಂದು ನೋಟದಲ್ಲಿ ಕಾಣುವುದು ಎರಡು ಮಾತ್ರ. ಹೀಗಾಗಿ ಪ್ರತಿ ಅಳತೆಯೂ ಎರಡೆರಡು ಕಡೆ ಸಾಕ್ಷಿ ಹೇಳಬೇಕಾಗುತ್ತದೆ. ಎರಡು ಸಾಕ್ಷಿಗಳೂ ಹೊಂದಿದರೆ ಮಾತ್ರ ಅದು ದೋಣಿ; ಇಲ್ಲವಾದರೆ ಬರಿಯ ಚಿತ್ರ.

ಇಪ್ಪತ್ತು ಅಡಿಯ ದೋಣಿಯನ್ನು ಹದಿನಾಲ್ಕು ಅಡಿಯ ಶೆಡ್ಡಿನಲ್ಲಿ ಬರೆಯುವುದೆಂತು? ಅದಕ್ಕೂ ಉಪಾಯವುಂಟು. ದೋಣಿಯ ಎರಡು ಮೈಗಳೂ ಒಂದೇ ಬಗೆಯಾದ್ದರಿಂದ ಅರ್ಧವನ್ನಷ್ಟೇ ಬರೆದರೆ ಸಾಕು. ಪಕ್ಕದ ನೋಟವನ್ನೂ ಮೇಲಿನ ನೋಟವನ್ನೂ ಬೇರೆ ಬೇರೆ ಬಣ್ಣಗಳಲ್ಲಿ ಒಂದರ ಮೇಲೊಂದು ಬರೆಯುತ್ತಾರೆ. ಉದ್ದವನ್ನು ಮಾತ್ರ ಅರ್ಧಕ್ಕೆ ಕುಗ್ಗಿಸಿ, ಅಗಲ ಎತ್ತರಗಳನ್ನು ಇದ್ದಂತೆಯೇ ಇಡುತ್ತಾರೆ. ಪಕ್ಕೆಲುಬುಗಳಿಗೆ ಬೇಕಾದದ್ದು ಅಗಲ ಮತ್ತು ಎತ್ತರ ತಾನೆ? ಅವು ಪೂರ್ಣಪ್ರಮಾಣದಲ್ಲೇ ದೊರೆಯುತ್ತವೆ. ಮೂತಿಯ ಮರವನ್ನು ಮಾತ್ರ ಬೇರೆಯಾಗಿ, ಕುಗ್ಗಿಸದೆ ಬರೆದುಕೊಳ್ಳಬೇಕು. ಉದ್ದ ಕುಗ್ಗಿದಾಗ ಬಾಗು ಹೆಚ್ಚುವುದರಿಂದ ಅಂಕುಡೊಂಕು ಇನ್ನೂ ಚೆನ್ನಾಗಿ ಕಾಣುವುದೆಂಬುದು ಒಂದು ಲಾಭವೇ.

ಗೆರೆಗೆ ಆಧಾರ ಬಳುಕುವ ಒಂದು ತೆಳ್ಳನೆಯ ರೀಪು. ಕೋಷ್ಟಕದ ಅಳತೆಯಂತೆ ಗುರುತಿಟ್ಟು, ಗುರುತಿಗೊಂದು ಮೊಳೆ ಹೊಡೆದು, ರೀಪನ್ನು ಅವುಗಳಿಗೆ ಒರಗಿಸಿ ಬಾಗಿಸುತ್ತಾರೆ. ದೊಡ್ಡ ನೌಕಾಂಗಣಗಳಲ್ಲಿ ಇದಕ್ಕೆಂದೇ ವಿಶಾಲವಾದ ಅಟ್ಟಗಳಿದ್ದವು. ಇಂಗ್ಲೆಂಡಿನ ಚಾಥಮ್‌ನಲ್ಲಿ 1765ರಲ್ಲಿ ನೀರಿಗಿಳಿದ ‘ವಿಕ್ಟರಿ’ ಹಡಗಿನ ಗೆರೆಗಳು ಬಿದ್ದದ್ದು ಅಂಥ ಅಟ್ಟದ ನೆಲದ ಮೇಲೆ. ಇಂದು ಆ ಕೆಲಸವನ್ನು ಬಹುಮಟ್ಟಿಗೆ ಕಂಪ್ಯೂಟರು ವಹಿಸಿಕೊಂಡಿದೆ. ಆದರೂ ಅದು ಬಳಸುವ ‘ಸ್ಪ್ಲೈನ್’ ಎಂಬ ಗಣಿತ, 1946ರಲ್ಲಿ ಷೋನ್‌ಬರ್ಗ್ ಹೆಸರಿಟ್ಟದ್ದು, ಇಂಥ ಬಳುಕುವ ಪಟ್ಟಿಯ ಹೆಸರನ್ನೇ ಹೊತ್ತಿದೆ.

ನಾನು ನೋಡುತ್ತಿದ್ದಂತೆ ಐದನೆಯ ಗುರುತಿನಲ್ಲಿ ರೀಪು ಕೊಂಚ ಉಬ್ಬಿತು. ಮುದುಕರು ಕೆನ್ನೆಯನ್ನು ನೆಲಕ್ಕೆ ತಾಗಿಸುವಂತೆ ಬಾಗಿ, ಗೆರೆಯ ಉದ್ದಕ್ಕೂ ಒಂದೇ ಕಣ್ಣಿನಲ್ಲಿ ನೋಡಿ, ಮಾತಿಲ್ಲದೆ ಬೆರಳಿಟ್ಟು ತೋರಿದರು. ಮಗ ಆ ಮೊಳೆಯನ್ನು ಕಿತ್ತ. ರೀಪು ಒಮ್ಮೆ ನಡುಗಿ ಕಾಲಂಗುಲದಷ್ಟು ಒಳಗೆ ಸರಿದು ನಿಂತಿತು. ಬಾಗು ಎಷ್ಟು ಸರಾಗವಾಗಿತ್ತೆಂದರೆ “ಭೇಷ್!” ಎಂದುಬಿಟ್ಟೆ. ಅವನು ಹಿಗ್ಗಲಿಲ್ಲ. ಹೊಸ ಅಗಲವನ್ನು ಕಡ್ಡಿಯ ಮೇಲೆ ಗುರುತಿಸಿ ಅಡ್ಡಕೊಯ್ತದ ನೋಟಕ್ಕೆ ಒಯ್ದ. ಅಲ್ಲಿ ಪಕ್ಕೆಲುಬಿನ ಗೆರೆಯಲ್ಲಿ ಒಂದು ತಗ್ಗು ಬಿತ್ತು.

“ಇಲ್ಲಿ ನಯವಾದದ್ದು ಅಲ್ಲಿ ಕೆಟ್ಟಿತು, ಸರ್. ತಪ್ಪು ಐದರದಲ್ಲ, ಆರರದು” ಎಂದ. ಕಿತ್ತ ಮೊಳೆಯನ್ನು ಮೊದಲಿನ ಜಾಗಕ್ಕೇ ಹೊಡೆದು ಪಕ್ಕದ ಮೊಳೆಯನ್ನು ತೆಗೆದ. ರೀಪು ಅಲ್ಲಿ ತುಸು ಹೊರಕ್ಕೆ ಬಂದಿತು. ಆ ಅಳತೆಯನ್ನು ಅಡ್ಡಕೊಯ್ತದ ನೋಟವೂ ಒಪ್ಪಿತು. ಕೋಷ್ಟಕದಲ್ಲಿ ಆರನೆಯ ಅಂಕಿಯೇ ತಪ್ಪಿತ್ತು. ಪಾಪ, ಐದು ಉಬ್ಬಿ ಕಂಡದ್ದು ಆರು ಒಳಗೆ ಕುಸಿದಿದ್ದರಿಂದ.

ನನ್ನ ಮನಸ್ಸು ಥಟ್ಟನೆ ಹಿಂದಕ್ಕೋಡಿತು. ಎಳೆಯ ಅಧ್ಯಾಪಕನಾಗಿದ್ದಾಗ ನಾನೊಂದು ಹಳಗನ್ನಡ ಕಾವ್ಯದ ಭಾಗವನ್ನು ಎರಡು ಓಲೆಪ್ರತಿಗಳಿಂದ ಸಂಪಾದಿಸಿದ್ದೆ. ಒಂದು ಪದ್ಯದಲ್ಲಿ ಛಂದಸ್ಸು ಕುಂಟುತ್ತಿತ್ತು. ಒರಟಾಗಿ ಕಂಡ ಪದವೊಂದನ್ನು ತೆಗೆದು ನನ್ನದೊಂದನ್ನು ಇಟ್ಟೆ. ಪದ್ಯ ಸರಾಗವಾಗಿ ಓಡಿತು. ಅರ್ಥವನ್ನೂ ವ್ಯಾಕರಣವನ್ನೂ ಒರೆಗೆ ಹಚ್ಚಿ ನೋಡುವ ತಾಳ್ಮೆ ನನಗಿರಲಿಲ್ಲ. ಕಿವಿ ಒಪ್ಪಿದ್ದೇ ಸಾಕೆನಿಸಿತ್ತು. ಮುದ್ರಣವಾಯಿತು, ಹತ್ತು ವರ್ಷ ಪಾಠ ಹೇಳಿದೆ. ಆಮೇಲೆ ಸಿಕ್ಕಿದ ಮೂರನೆಯ ಪ್ರತಿಯಲ್ಲಿ ನಾನು ಕಿತ್ತ ಪದ ಇದ್ದಂತೆಯೇ ಇತ್ತು. ಲಿಪಿಕಾರನ ಕೈತಪ್ಪು ಇದ್ದದ್ದು ಅದರ ಪಕ್ಕದ ಪದದಲ್ಲಿ.

ಆ ತರಗತಿಗಳಲ್ಲೊಂದರಲ್ಲಿ ಈ ಹುಡುಗನೂ ಕೂತಿದ್ದ. ಅವನಿಗೆ ಇದನ್ನು ಹೇಳಿದೆ. ಅವನು ಕೊಂಚ ಹೊತ್ತು ಸುಮ್ಮನಿದ್ದು, “ನನಗೆ ಆ ಪದ್ಯ ಈಗಲೂ ಬಾಯಿಗೆ ಬರುತ್ತದೆ, ಸರ್” ಎಂದ. ಅವನ ಬಾಯಲ್ಲಿ ಇರುವುದು ನನ್ನ ತಪ್ಪು ಪಾಠ. ನೆಲದ ಗೆರೆಯನ್ನು ಒರೆಸಬಹುದು. ಬಾಯಿಗೆ ಬಂದದ್ದನ್ನು ಒರೆಸುವುದು ಹೇಗೆ?

ಸರಿಯಾದ ಪದವನ್ನು ಅವನಿಗೆ ಬರೆದುಕೊಟ್ಟೆ. ಅವನು ಅದನ್ನು ಪ್ಲೈವುಡ್ಡಿನ ಮೂಲೆಯಲ್ಲಿ, ಅಳತೆಗಳ ಪಕ್ಕದಲ್ಲಿ, ಪೆನ್ಸಿಲಿನಿಂದ ನಕಲು ಮಾಡಿಕೊಂಡ. ಮನೆಗೆ ಬಂದವನು ಇಷ್ಟು ವರ್ಷ ಮುಂದೂಡಿದ್ದ ಒಪ್ಪೋಲೆಯನ್ನು ಸಿದ್ಧಪಡಿಸಿ ಪ್ರಕಾಶಕರಿಗೆ ಕಳುಹಿಸಿದೆ.