ಯೋಗದ ಜಮಖಾನೆ, ಊಟದ ತಟ್ಟೆ

(ಹೆಗ್ಗನಹಳ್ಳಿಯಲ್ಲಿ ನಡೆದ ಮಾಸಿಕ ಚಿಂತನ ಗೋಷ್ಠಿಯಲ್ಲಿ ನಿವೃತ್ತ ಸರ್ಕಾರಿ ಇಂಜಿನಿಯರೊಬ್ಬರು ಮಾಡಿದ ಉಪನ್ಯಾಸದ ಬರಹ ರೂಪ)

 

ನಾನು ವೈದ್ಯನಲ್ಲ, ಯೋಗಗುರುವೂ ಅಲ್ಲ. ಮೂವತ್ತೈದು ವರ್ಷ ಸರ್ಕಾರದಲ್ಲಿ ನೀರಿನ ಕೆಲಸ ನೋಡಿಕೊಂಡ ಇಂಜಿನಿಯರು. ನಿವೃತ್ತನಾದ ದಿನ ನನ್ನ ತೂಕ 86 ಕಿಲೊ, ಹೊಟ್ಟೆಯ ಸುತ್ತಳತೆ 104 ಸೆಂಟಿಮೀಟರ್. ಈ ವಿಷಯ ಮಾತಾಡಲು ನನಗಿರುವ ಅರ್ಹತೆ ಅಷ್ಟೇ.

ತೂಕ ಇಳಿಸಬೇಕೆಂದೇ ಯೋಗಕ್ಕೆ ಸೇರಿದೆ. ನಮ್ಮ ಬಡಾವಣೆಯ ಪಾರ್ಕಿನಲ್ಲಿ ಬೆಳಿಗ್ಗೆ ಆರಕ್ಕೆ ಶುರು. ಮೂರು ತಿಂಗಳು ಒಂದು ದಿನವೂ ತಪ್ಪಿಸಲಿಲ್ಲ. ಬೆನ್ನುನೋವು ಹೋಯಿತು, ಬಗ್ಗಿ ಚಪ್ಪಲಿ ಹಾಕಿಕೊಳ್ಳುವುದು ಸುಲಭವಾಯಿತು. ತೂಕ ಮಾತ್ರ 85 ಕಿಲೊ 400 ಗ್ರಾಂ! ಇಂಜಿನಿಯರ ಬುದ್ಧಿ ಸುಮ್ಮನಿರಬೇಕಲ್ಲ, ಲೆಕ್ಕ ಹಾಕಲು ಕುಳಿತೆ.

ಟ್ಯಾಂಕಿನ ಮಟ್ಟ ಇಳಿಯಬೇಕಾದರೆ ಒಳಬರುವ ನೀರಿಗಿಂತ ಹೊರಹೋಗುವ ನೀರು ಹೆಚ್ಚಿರಬೇಕು. ನನ್ನ ತೂಕದವನು ಒಂದು ಗಂಟೆ ನಿಧಾನವಾಗಿ ಆಸನ ಮಾಡಿದರೆ ಸುಮಾರು 215 ಕ್ಯಾಲೊರಿ ಖರ್ಚು. ಸುಮ್ಮನೆ ಕುಳಿತಿದ್ದರೂ ಅದರಲ್ಲಿ 85 ಹೋಗಿಯೇ ಹೋಗುತ್ತಿತ್ತು. ಉಳಿದ 130 ಮಾತ್ರ ಯೋಗದ ಲಾಭ. ಒಂದು ಕಿಲೊ ಕೊಬ್ಬು ಕರಗಲು ಸುಮಾರು 7,700 ಕ್ಯಾಲೊರಿ ಬೇಕು. ಅಂದರೆ ಎರಡು ತಿಂಗಳಿಗೆ ಒಂದು ಕಿಲೊ, ಅದೂ ಬಾಯಿ ಕಟ್ಟಿದ್ದರೆ. ನಾವೋ, ಯೋಗ ಮುಗಿಸಿ ನೇರ ಹೋಟೆಲಿಗೆ ನಡೆಯುತ್ತಿದ್ದವರು. ಶವಾಸನದಲ್ಲೇ ಕೆಲವರಿಗೆ ವಡೆಯ ಧ್ಯಾನ.

ಆಮೇಲೆ ಅಡುಗೆಮನೆಯ ಲೆಕ್ಕ ತೆಗೆದೆ. ದಿನಕ್ಕೆ ನಾಲ್ಕು ಕಾಫಿ, ಒಂದೊಂದಕ್ಕೆ ಎರಡು ಚಮಚ ಸಕ್ಕರೆ, ಒಟ್ಟು 40 ಗ್ರಾಂ. ಗ್ರಾಮಿಗೆ ನಾಲ್ಕರಂತೆ 160 ಕ್ಯಾಲೊರಿ. ಒಂದು ಗಂಟೆಯ ಯೋಗವನ್ನು ಬರೀ ಕಾಫಿಯ ಸಕ್ಕರೆಯೇ ನುಂಗುತ್ತಿತ್ತು. ನಾಲ್ವರಿರುವ ಮನೆಗೆ ತಿಂಗಳಿಗೆ ಐದು ಲೀಟರ್ ಎಣ್ಣೆ. ಅದನ್ನು ಮೂರಕ್ಕೆ ಇಳಿಸಿದರೆ ತಲೆಗೆ ದಿನಕ್ಕೆ 15 ಗ್ರಾಂ ಉಳಿಯುತ್ತದೆ, ಸುಮಾರು 135 ಕ್ಯಾಲೊರಿ. ಸಕ್ಕರೆ ಬಿಟ್ಟೆ, ಎಣ್ಣೆ ಇಳಿಸಿದೆವು, ಯೋಗ ಮುಂದುವರಿಸಿದೆ. ಆರು ತಿಂಗಳಲ್ಲಿ ಲೆಕ್ಕದ ಪ್ರಕಾರ ಹತ್ತು ಕಿಲೊ ಇಳಿಯಬೇಕಿತ್ತು, ಇಳಿದದ್ದು ಆರು. ದೇಹ ಹಗುರಾದಂತೆ ಅದರ ಖರ್ಚೂ ಇಳಿಯುತ್ತದೆ, ನಡುವೆ ಮದುವೆ, ಗೃಹಪ್ರವೇಶ. ಎಸ್ಟಿಮೇಟಿಗೂ ಸೈಟಿನ ಅಳತೆಗೂ ಇರುವ ಅಂತರ ನಮ್ಮ ಇಲಾಖೆಯವರಿಗೆ ಹೇಳಿಕೊಡಬೇಕಿಲ್ಲ.

ಹಾಗಾದರೆ ಯೋಗ ಏಕೆ ಬೇಕು ಎಂದು ನೀವು ಕೇಳಬಹುದು. ನನ್ನ ಅನುಭವ ಹೇಳುತ್ತೇನೆ. ರಾತ್ರಿ ಹನ್ನೊಂದರವರೆಗೆ ಟಿವಿ ಮುಂದೆ ಕುಳಿತು ಖಾರಾ ಮಿಕ್ಸ್‌ಚರ್ ತಿನ್ನುವುದು ನನ್ನ ಹಳೆಯ ಚಾಳಿ. ಬೆಳಿಗ್ಗೆ ಐದಕ್ಕೆ ಏಳಬೇಕೆಂದು ಒಂಬತ್ತೂವರೆಗೆ ಮಲಗತೊಡಗಿದ ಮೇಲೆ ಆ ಡಬ್ಬಿ ತಾನಾಗಿ ಮುಚ್ಚಿತು. ಉಸಿರನ್ನು ಗಮನಿಸುವ ಅಭ್ಯಾಸವಾದವನಿಗೆ, ಈಗ ಆಗುತ್ತಿರುವುದು ಹಸಿವೋ ಬರೀ ಬೇಸರವೋ ಎಂಬುದು ಸ್ವಲ್ಪ ತಿಳಿಯುತ್ತದೆ. ಧರ್ಮಸ್ಥಳದ ಶಾಂತಿವನದಲ್ಲಾಗಲಿ, ನಮ್ಮ ತುಮಕೂರು ರಸ್ತೆಯ ಜಿಂದಾಲ್ ಪ್ರಕೃತಿ ಚಿಕಿತ್ಸಾಲಯದಲ್ಲಾಗಲಿ ಯೋಗದ ಜೊತೆಗೇ ಅಳತೆಯ ಆಹಾರವೂ ಇರುತ್ತದೆ. ಮನೆಗೆ ಬಂದ ಮೇಲೆ ಬಡಿಸುವ ಕೈ ಬೇರೆ, ಅಲ್ಲೇ ಕಷ್ಟ. ಇನ್ನು ನಡಿಗೆಯನ್ನೂ ಬಿಡಬೇಡಿ. ವಾರಕ್ಕೆ ಕನಿಷ್ಠ 150 ನಿಮಿಷ ಮೈ ಬಿಸಿಯಾಗುವಂತೆ ಚಟುವಟಿಕೆ ಇರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಬಡಿಸುವ ಕೈ ಎಂದೆನಲ್ಲ, ಆ ಮಾತು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮಲ್ಲಿ ಪ್ರಸಾದ ಚೆಲ್ಲುವಂತಿಲ್ಲ. ನನ್ನ ಅಜ್ಜಿ ತಟ್ಟೆ ತೊಳೆದ ನೀರನ್ನೂ ಕುಡಿಯುತ್ತಿದ್ದರು. ಆದರೆ ಆಕೆ ನೀಡಿಸಿಕೊಳ್ಳುವಾಗಲೇ ಅಳತೆ ಇಟ್ಟುಕೊಂಡಿದ್ದರು. ನಾವು ತಟ್ಟೆ ತುಂಬಾ ಹಾಕಿಸಿಕೊಂಡು, ಆಮೇಲೆ ಬಿಡಬಾರದೆಂದು ಹೊಟ್ಟೆಗೆ ತುರುಕುತ್ತೇವೆ. ದಾಸೋಹದಲ್ಲಿ ಬಡಿಸುವ ಶರಣರಲ್ಲಿ ನನ್ನದೊಂದು ಬಿನ್ನಹ: ಕೈ ಅಡ್ಡ ಹಿಡಿದವರಿಗೆ ಇನ್ನೊಂದು ಹೋಳಿಗೆ ಹಾಕಬೇಡಿ. ಅವರು ಸಕ್ಕರೆ ಕಾಯಿಲೆಯವರಿರಬಹುದು, ಎಲ್ಲರೆದುರು ಹೇಳಿಕೊಳ್ಳಲು ಸಂಕೋಚವಿರಬಹುದು.

ನಮ್ಮ ಜನಕ್ಕೆ ತೂಕಕ್ಕಿಂತ ಹೊಟ್ಟೆಯ ಸುತ್ತಳತೆ ಮುಖ್ಯ. ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ದಾಟಿದರೆ ಎಚ್ಚರಿಕೆ ಬೇಕು. 2023ರಲ್ಲಿ ಪ್ರಕಟವಾದ ಐಸಿಎಂಆರ್ ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ ಶೇ. 39.5 ಮಂದಿಗೆ ಹೊಟ್ಟೆಯ ಬೊಜ್ಜಿದೆ.

ದಪ್ಪಗಿರುವವರು ಮೊದಲ ದಿನವೇ ಶೀರ್ಷಾಸನಕ್ಕೆ ಹೋಗಬೇಡಿ. ರಕ್ತದೊತ್ತಡ, ಹೃದಯದ ತೊಂದರೆ ಇದ್ದವರು ಜೋರಾದ ಕಪಾಲಭಾತಿ ಮಾಡಬೇಡಿ. ಇನ್ಸುಲಿನ್ ಅಥವಾ ಸಕ್ಕರೆಯ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಖಾಲಿ ಹೊಟ್ಟೆಯಲ್ಲಿ ಬರಬೇಡಿ, ತಲೆಸುತ್ತಿ ಬಿದ್ದೀರಿ. ಮೊದಲು ನಮ್ಮ ಕ್ಲಿನಿಕ್‌ನಲ್ಲಿ ಬಿಪಿ, ಶುಗರ್ ನೋಡಿಸಿಕೊಳ್ಳಿ. ಮಂಡಿ ನೋವಿದ್ದರೆ ಕುರ್ಚಿ ಹಿಡಿದು ಮಾಡಿ, ನಾಚಿಕೆ ಬೇಡ. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರರು ಕುರ್ಚಿ, ಹಗ್ಗ, ಮರದ ತುಂಡು ಬಳಸಿಯೇ ಜಗತ್ತಿಗೆ ಯೋಗ ಕಲಿಸಿದರು.

ಕೊನೆಗೆ ನನ್ನ ತಪ್ಪೊಂದನ್ನು ಒಪ್ಪಿಕೊಳ್ಳಬೇಕು. ನನ್ನ ಆರು ಕಿಲೊ ಸಾಧನೆಯನ್ನು ಮನೆಯಲ್ಲಿ ಕೊಚ್ಚಿಕೊಳ್ಳುತ್ತಿದ್ದಾಗ ನನ್ನ ಶ್ರೀಮತಿ ಹೇಳಿದರು: "ರೀ, ನೀವು ಅಲ್ಲಿ ಉಸಿರು ಎಣಿಸೋ ಹೊತ್ತಿಗೆ ನಾನು ಇಲ್ಲಿ ಕುಕ್ಕರ್ ವಿಸಿಲ್ ಎಣಿಸ್ತಿರ್ತೀನಿ." ಆಕೆಯ ಮಂಡಿ ನನ್ನದಕ್ಕಿಂತ ಕೆಟ್ಟಿದೆ. ಮಾರನೇ ದಿನ ಪಾರ್ಕಿನಲ್ಲಿ ಎಣಿಸಿದೆ. ನಾವು ಹತ್ತೊಂಬತ್ತು ಜನ, ಹೆಂಗಸರು ಮೂವರು. ಬೆಳಿಗ್ಗೆ ಆರು ಗಂಟೆ ಎಂಬುದು ಪಿಂಚಣಿದಾರ ಗಂಡಸರು ತಮಗಾಗಿ ಇಟ್ಟುಕೊಂಡ ಸಮಯ. ಪೀಣ್ಯದ ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳು ಆ ಹೊತ್ತಿಗೆ ಡಬ್ಬಿ ಕಟ್ಟುತ್ತಿರುತ್ತಾರೆ. ದಿನವಿಡೀ ಮಿಷಿನ್ ಮುಂದೆ ಕೂರುವವರು ಅವರೇ.

ಅದಕ್ಕೇ ಪೂಜ್ಯರನ್ನು ಕೇಳಿಕೊಂಡು, ಮುಂದಿನ ಸೋಮವಾರದಿಂದ ಇದೇ ಸಭಾಂಗಣದಲ್ಲಿ ಸೋಮ, ಬುಧ, ಶುಕ್ರ ಸಂಜೆ ಏಳೂವರೆಗೆ ತರಗತಿ ಇಟ್ಟಿದ್ದೇವೆ. ಶುಲ್ಕವಿಲ್ಲ. ಕಲಿಸುವವರೂ ಶರಣೆಯೇ. ಊಟವಾಗಿ ಮೂರು ಗಂಟೆ ಕಳೆದಿರಲಿ. ಒಂದು ಜಮಖಾನೆ ತನ್ನಿ. ಹೆಂಗಸರ ಅಳತೆ ಹೆಂಗಸರೇ ತೆಗೆಯುತ್ತಾರೆ, ಪುಸ್ತಕದಲ್ಲಿ ಬರೆದದ್ದು ಬೇರೆಯವರಿಗೆ ತೋರಿಸುವುದಿಲ್ಲ. ಆ ಮೂರು ರಾತ್ರಿ ಮನೆಯ ಅಡುಗೆ ಗಂಡಸರದು. ನಾನು ಈಗಾಗಲೇ ಅನ್ನ, ಸಾರು ಕಲಿತಿದ್ದೇನೆ. ಉಪ್ಪಿನ ಅಂದಾಜು ಇನ್ನೂ ಕೈಗೆ ಹತ್ತಿಲ್ಲ.