ಕೆಂಪು ದೀಪ ಉರಿದ ಮೇಲೆ

ಕಾಲೇಜಿಗೆ ಸೇರಿದ ಹುಡುಗನೋ ಹುಡುಗಿಯೋ ನಡುವೆಯೇ ಓದು ಬಿಡುವ ಹಾದಿಯಲ್ಲಿದ್ದರೆ ಮನೆಯವರಿಗೆ ಅದು ತಿಳಿಯುವುದು ಯಾವಾಗ? ಬಹುಮಟ್ಟಿಗೆ ಎಲ್ಲ ಮುಗಿದ ಮೇಲೆ. ಪರೀಕ್ಷೆಯ ಫಲಿತಾಂಶ ಬರುತ್ತದೆ, ಇಲ್ಲವೆ ಹಾಜರಿ ಸಾಲದೆಂಬ ಕಾಗದ ಬರುತ್ತದೆ. ಆದರೆ ವಿದ್ಯಾರ್ಥಿ ಜಾರತೊಡಗಿದ್ದು ಅದಕ್ಕೆ ಎಷ್ಟೋ ವಾರ ಮೊದಲು. ಆಗಲೇ ಎಚ್ಚರಿಸುವ ಕೆಲಸವನ್ನು ಗಣಕಯಂತ್ರಕ್ಕೆ ವಹಿಸಬಹುದೇ ಎಂದು ಅಮೆರಿಕದ ಕೆಲವು ವಿದ್ಯಾಲಯಗಳು ಪ್ರಯತ್ನಿಸಿವೆ. ಆ ಪ್ರಯತ್ನಗಳ ವಿಚಾರವನ್ನು ಇಂದು ನಿಮ್ಮ ಮುಂದಿಡುತ್ತೇನೆ.

ಇಂಡಿಯಾನಾ ಸಂಸ್ಥಾನದ ಪರ್ಡ್ಯೂ ವಿಶ್ವವಿದ್ಯಾಲಯ 2007ರ ಸುಮಾರಿಗೆ ಒಂದು ಸರಳ ಉಪಾಯ ಹೂಡಿತು. ರಸ್ತೆ ಕೂಡುವಲ್ಲಿ ಕಾಣುವ ದೀಪಗಳಂತೆ ಪ್ರತಿ ವಿದ್ಯಾರ್ಥಿಗೂ ಹಸಿರು, ಹಳದಿ, ಕೆಂಪು ಎಂಬ ಗುರುತು. ಅಂಕಗಳನ್ನೂ ಓದಿನ ಶ್ರಮವನ್ನೂ ಲೆಕ್ಕ ಹಾಕಿ ಯಂತ್ರ ದೀಪ ತೋರುತ್ತಿತ್ತು. ಇಂಥ ತರಗತಿಗಳನ್ನು ಎರಡಾದರೂ ತೆಗೆದುಕೊಂಡವರು ಕಾಲೇಜಿನಲ್ಲಿ ಹೆಚ್ಚಾಗಿ ಉಳಿದರೆಂದು ವಿಶ್ವವಿದ್ಯಾಲಯ ಪ್ರಕಟಿಸಿತು. 2013ರಲ್ಲಿ ವಿಮರ್ಶಕರು ಆಕ್ಷೇಪವೆತ್ತಿದರು. ಛತ್ರದಲ್ಲಿ ಹೆಚ್ಚು ದಿನ ತಂಗಿದವನು ಹೆಚ್ಚು ಊಟ ಮಾಡಿರುತ್ತಾನೆ; ಊಟ ಹೆಚ್ಚಾದ್ದರಿಂದಲೇ ತಂಗಿದನೆನ್ನಲು ಬಂದೀತೆ? ಹಾಗೆಯೇ, ಕಾಲೇಜಿನಲ್ಲಿ ಉಳಿದವನಿಗೆ ಇಂಥ ತರಗತಿಗಳು ಹೆಚ್ಚು ಸಿಕ್ಕೇ ಸಿಗುತ್ತವೆ.

ಅಟ್ಲಾಂಟಾ ನಗರದ ಜಾರ್ಜಿಯಾ ಸ್ಟೇಟ್ ವಿಶ್ವವಿದ್ಯಾಲಯದ ಕಥೆ ಇನ್ನೂ ಬೋಧಪ್ರದ. ಬಡ ಕುಟುಂಬಗಳ ಮಕ್ಕಳು ಬಹು ಸಂಖ್ಯೆಯಲ್ಲಿ ಓದುವ ಸ್ಥಳ ಅದು. 2003ರಲ್ಲಿ ಅಲ್ಲಿ ಆರು ವರ್ಷದೊಳಗೆ ಪದವಿ ಪಡೆಯುತ್ತಿದ್ದವರು ನೂರಕ್ಕೆ 32 ಮಂದಿ. 2012ರಲ್ಲಿ ಅವರು ಹಿಂದಿನ ಹತ್ತು ವರ್ಷಗಳ ದಾಖಲೆಗಳನ್ನು ಜಾಲಾಡಿ, ಅಪಾಯದ 800ಕ್ಕೂ ಮಿಕ್ಕ ಸೂಚನೆಗಳನ್ನು ಗಣಕಕ್ಕೆ ಕಲಿಸಿದರು. ತನ್ನ ಮುಖ್ಯ ವಿಷಯದ ಮೊದಲ ಪಾಠದಲ್ಲೇ ಸಾಧಾರಣ ದರ್ಜೆ ಪಡೆದರೆ, ಪಾಸಾಗಿದ್ದರೂ ಅದೊಂದು ಸೂಚನೆ. ಸೂಚನೆ ಬಂದೊಡನೆ ಸಲಹೆಗಾರರು ವಿದ್ಯಾರ್ಥಿಯನ್ನು ಕರೆದು ಮಾತನಾಡಬೇಕು.

ಮುಖ್ಯ ಮಾತು ಇಲ್ಲಿದೆ. ಯಂತ್ರದ ಜೊತೆಗೆ ಅವರು 42 ಮಂದಿ ಸಲಹೆಗಾರರನ್ನೂ ಹೊಸದಾಗಿ ನೇಮಿಸಿದರು. ಅದಕ್ಕೂ ಮೊದಲೇ, 2011ರಲ್ಲಿ, ಶುಲ್ಕದ ಅಲ್ಪ ಬಾಕಿಗಾಗಿ ಹೆಸರು ಹೊಡೆಸಿಕೊಳ್ಳಲಿದ್ದವರಿಗೆ ಸಣ್ಣ ಸಹಾಯಧನ ಕೊಡತೊಡಗಿದ್ದರು. 2014ರ ಹೊತ್ತಿಗೆ ಪದವಿ ಮುಗಿಸುವವರು ನೂರಕ್ಕೆ ಐವತ್ತನ್ನು ದಾಟಿದರು. ಈ ಏರಿಕೆ ಯಂತ್ರ ಬರುವ ಮೊದಲೇ ಆರಂಭವಾಗಿತ್ತೆಂಬುದನ್ನು ಮರೆಯಬಾರದು.

ಇದೇ ಅರಿವು ಕೇಡಿಗೂ ಒದಗಬಹುದು. 2016ರಲ್ಲಿ ಮೇರಿಲ್ಯಾಂಡ್ ಸಂಸ್ಥಾನದ ಮೌಂಟ್ ಸೇಂಟ್ ಮೇರೀಸ್ ವಿಶ್ವವಿದ್ಯಾಲಯದಲ್ಲಿ ಒಂದು ಯೋಜನೆ ಬಯಲಾಯಿತು. ಹೊಸ ವಿದ್ಯಾರ್ಥಿಗಳಿಂದ ಪ್ರಶ್ನಾವಳಿ ತುಂಬಿಸಿ, ಉಳಿಯಲಾರರೆಂದು ಕಂಡವರನ್ನು ಮೊದಲ ವಾರಗಳಲ್ಲೇ ಬಿಡಿಸಿ, ಅಂಕಿ ಅಂಶ ಚೆಂದಗಾಣಿಸುವ ಯೋಚನೆ ಅದು. ಗದ್ದಲವೆದ್ದು ಅಧ್ಯಕ್ಷರು ರಾಜೀನಾಮೆ ಕೊಟ್ಟರು. ಒಂದೇ ಬಗೆಯ ಪಟ್ಟಿ. ಒಂದು ಕಡೆ ಕೈಹಿಡಿಯಲು, ಇನ್ನೊಂದು ಕಡೆ ಕೈಬಿಡಲು.

ಆದ್ದರಿಂದ, ನಿಮ್ಮ ಮಕ್ಕಳ ಕಾಲೇಜು ಇಂಥ ಯಂತ್ರವನ್ನು ತರುವುದಾದರೆ ಬೆಲೆಯನ್ನಷ್ಟೇ ವಿಚಾರಿಸಬೇಡಿ. ಕೆಂಪು ದೀಪ ಉರಿದಾಗ ಮಗುವನ್ನು ಕರೆದು ಮಾತನಾಡುವವರು ಯಾರು, ಆ ಪಟ್ಟಿಯನ್ನು ಯಾರು ಯಾರು ನೋಡುತ್ತಾರೆ, ಅದರಲ್ಲಿ ತಪ್ಪಿದ್ದರೆ ತಿದ್ದಿಸುವ ದಾರಿ ಯಾವುದು ಎಂದು ಕೇಳಿ. ಬೀಳುವವನನ್ನು ಯಂತ್ರ ತೋರಿಸಬಲ್ಲದು. ಎತ್ತುವುದಕ್ಕೆ ಮನುಷ್ಯನೇ ಬೇಕು.